ಮೋಟಾರ್ ಸೈಕಲ್ಲಿನ ತೊಳೆಯುವಿಕೆ, ಒಣಗಿಸುವಿಕೆ ಮತ್ತು ಹೊಳಪು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶ

ಮೋಟಾರ್ ಸೈಕಲ್ಲಿಗೆ ಅಂಟಿದ ಮಣ್ಣು, ಎಣ್ಣೆ, ಉಪ್ಪು ಮತ್ತು ಗಿಡಮರಗಳ ಅಂಟುಕಲೆಗಳನ್ನು ನೀರು ಹಾಗೂ ಸೌಮ್ಯ ಸಾಬೂನಿನಿಂದ ತೆಗೆದು, ಸಂದುಗಳಲ್ಲಿ ಉಳಿದ ನೀರನ್ನು ಆರಿಸಿ, ಬಣ್ಣ ಮತ್ತು ಲೋಹದ ಭಾಗಗಳ ಮೇಲೆ ರಕ್ಷಣೆಯ ತೆಳುಪದರವೊಂದನ್ನು ಉಳಿಸುವುದು ಈ ಕೆಲಸದ ಒಟ್ಟು ಸ್ವರೂಪ. ಎಲ್ಲ ಕಡೆಯೂ ನಡೆಯುವ ಮನೆಗೆಲಸ ಇದಾದರೂ ದಕ್ಷಿಣ ಕನ್ನಡ ಜಿಲ್ಲೆಯ ಒಳನಾಡಾದ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಗಳಲ್ಲಿ ಇದರ ಕ್ರಮವನ್ನು ಮುರಕಲ್ಲಿನ ಮಣ್ಣು, ನಾಲ್ಕು ತಿಂಗಳ ಮಳೆ ಮತ್ತು ಅಡಿಕೆ ಕೃಷಿ ಸೇರಿ ನಿರ್ಧರಿಸುತ್ತವೆ. ಮೂರು ಹಂತಗಳಲ್ಲಿ ಜನರ ಗಮನ ಹೊಳಪಿನ ಕಡೆಗೇ ಹೆಚ್ಚಾಗಿದ್ದರೂ ವಾಹನದ ಆಯುಸ್ಸಿನ ದೃಷ್ಟಿಯಿಂದ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿಸುವಿಕೆ. ಅವಸರದಲ್ಲಿ ಬಿಟ್ಟುಹೋಗುವ ಹಂತವೂ ಅದೇ.

ನೆಲ ಮತ್ತು ಮಳೆ

ಬಂಟ್ವಾಳವು ನೇತ್ರಾವತಿಯ ದಡದಲ್ಲಿ ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ಕ್ಕೆ ತಾಗಿಕೊಂಡಿದೆ. ಬೆಳ್ತಂಗಡಿಯು ಪಶ್ಚಿಮ ಘಟ್ಟದ ಬುಡದಲ್ಲಿ, ಚಾರ್ಮಾಡಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 73ರ ಮೇಲಿದೆ. ಸಾವಿರ ಕಂಬದ ಬಸದಿಗೆ ಹೆಸರಾದ ಮೂಡುಬಿದಿರೆಯು ಮುರಕಲ್ಲಿನ ದಿಣ್ಣೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 169ರಲ್ಲಿದೆ. ಈ ಭಾಗದ ವಾರ್ಷಿಕ ಸರಾಸರಿ ಮಳೆ 3,500 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ, ಘಟ್ಟದ ಕಡೆಗೆ ಹೋದಷ್ಟೂ ಅದರ ಪ್ರಮಾಣ ಏರುತ್ತದೆ. ಬಯಲುಸೀಮೆಯ ಊರುಗಳಲ್ಲಿ ಇರುವಂತೆ ಮನೆಗಳು ಇಲ್ಲಿ ಒತ್ತೊತ್ತಾಗಿಲ್ಲ. ಒಂದೊಂದು ಮನೆಯೂ ತನ್ನ ತೋಟ, ಗುಡ್ಡ, ಗದ್ದೆಗಳ ನಡುವೆ ಬೇರೆಯಾಗಿ ನಿಂತಿರುವುದರಿಂದ ಡಾಮರು ರಸ್ತೆಗೂ ಮನೆಯ ಅಂಗಳಕ್ಕೂ ನಡುವೆ ಮಣ್ಣಿನ ದಾರಿಯೊಂದು ಇದ್ದೇ ಇರುತ್ತದೆ. ಡೇರಿಗೆ ಹಾಲು ಕೊಡುವುದು, ಪೇಟೆಗೆ ಅಡಿಕೆ ಚೀಲ ಸಾಗಿಸುವುದು, ಮಕ್ಕಳನ್ನು ಬಸ್ಸಿಗೆ ಮುಟ್ಟಿಸುವುದು ಎಲ್ಲವೂ ಬೈಕಿನಲ್ಲೇ ನಡೆಯುವ ಕಾರಣ ಈ ಮಣ್ಣಿನ ದಾರಿಯ ಕೆಸರು ದಿನಕ್ಕೆ ನಾಲ್ಕಾರು ಬಾರಿ ವಾಹನದ ಅಡಿಭಾಗಕ್ಕೆ ಸಿಡಿಯುತ್ತದೆ.

ಆ ಕೆಸರಿನ ಗುಣವನ್ನು ಅರಿತರೆ ತೊಳೆಯುವ ಕ್ರಮ ತಾನಾಗಿ ತಿಳಿಯುತ್ತದೆ. ಮುರಕಲ್ಲು, ಅಂದರೆ ಭೂವಿಜ್ಞಾನಿಗಳು ಲ್ಯಾಟರೈಟ್ ಎಂದು ಕರೆಯುವ ಕೆಂಪುಕಲ್ಲು, ಅತಿಮಳೆಯಿಂದ ಶಿಲೆಯಲ್ಲಿನ ಕರಗುವ ಅಂಶಗಳೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದುಕೊಂಡಾಗ ಉಂಟಾಗುತ್ತದೆ. ಕೆನರಾ ಸೀಮೆಯಲ್ಲಿಯೂ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದ ಕಲ್ಲನ್ನು ವಿವರಿಸುತ್ತ 1807ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಇದರ ಪುಡಿಯಲ್ಲಿ ಎರಡು ಬಗೆಯ ಕಣಗಳಿವೆ. ಕಬ್ಬಿಣದ ಆಕ್ಸೈಡಿನ ನುಣುಪಾದ ಕೆಂಪು ಜೇಡಿಯು ವಾಹನದ ಬಣ್ಣದ ರಂಧ್ರಗಳಿಗೂ ರಬ್ಬರಿನ ಸುಕ್ಕುಗಳಿಗೂ ಹೊಕ್ಕು ಕೆಂಗಲೆಯಾಗಿ ನಿಲ್ಲುತ್ತದೆ. ಅದರೊಡನೆ ಬೆರೆತ ಸ್ಫಟಿಕಶಿಲೆಯ ಹರಳು ಕಲೆ ಮಾಡುವುದಿಲ್ಲ, ಗೀಚುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಈ ಸ್ಫಟಿಕದ ಸ್ಥಾನ 7. ವಾಹನದ ಬಣ್ಣವಾಗಲಿ, ದೀಪದ ಪ್ಲಾಸ್ಟಿಕ್ ಮುಚ್ಚಳವಾಗಲಿ ಅದರ ಮುಂದೆ ಬಹಳ ಮೆದು. ಪೇಟೆಗೆ ಹೊರಡುವ ಮುನ್ನ ಟ್ಯಾಂಕಿನ ಮೇಲಿನ ಒಣಧೂಳನ್ನು ಬೈರಾಸಿನಿಂದ ಬಲವಾಗಿ ಒರೆಸುವ ಸಾಮಾನ್ಯ ಅಭ್ಯಾಸವೇ, ಎರಡು ಮೂರು ವರ್ಷದಲ್ಲಿ ಬಿಸಿಲಿಗೆ ಹಿಡಿದಾಗ ಕಾಣುವ ಸುರುಳಿ ಗೀರುಗಳಿಗೆ ಮುಖ್ಯ ಕಾರಣ.

ತೋಟ, ಹಟ್ಟಿ ಮತ್ತು ಮೀನಿನ ಪೆಟ್ಟಿಗೆ

ಕೃಷಿಕರ ಬೈಕುಗಳಿಗೆ ಅಂಟುವ ವಸ್ತುಗಳಲ್ಲಿ ಹೆಚ್ಚು ಗಮನ ಬೇಡುವುದು ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗವನ್ನು ತಡೆಯಲು ಮಳೆಗಾಲದ ಮೊದಲು ಒಮ್ಮೆ, ಸುಮಾರು ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಗೊನೆಗಳಿಗೆ ಸಿಂಪಡಿಸುವ ಈ ಮದ್ದನ್ನು 1 ಕಿಲೊ ಮೈಲುತುತ್ತು ಮತ್ತು 1 ಕಿಲೊ ಸುಣ್ಣವನ್ನು ಬೇರೆ ಬೇರೆಯಾಗಿ ಕರಗಿಸಿ 100 ಲೀಟರ್ ನೀರಿನಲ್ಲಿ ಸೇರಿಸಿ ತಯಾರಿಸುತ್ತಾರೆ. ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವ ರೂಢಿಯಿದೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಚಾಕುವಿನಲ್ಲಿ ಕಾಣುವ ಈ ಕ್ರಿಯೆಯೇ ಮೈಲುತುತ್ತಿನ ನೀರು ಬಿದ್ದ ಸ್ಪೋಕ್ ಕಡ್ಡಿ, ಬೋಲ್ಟು, ಚೈನುಗಳಲ್ಲಿಯೂ ನಡೆಯುತ್ತದೆ: ತಾಮ್ರ ಹೊರಬಂದು ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೂ ಇದರಿಂದ ಹಾನಿಯಿದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣ ಇಷ್ಟು ತೀಕ್ಷ್ಣವಲ್ಲವಾದರೂ ಒಣಗಿದ ಮೇಲೆ ನೀಲಿಬಿಳಿ ಹೊಪ್ಪಳೆಯಾಗಿ ಅಂಟುತ್ತದೆ. ಆದ್ದರಿಂದ ಮದ್ದು ಬಿಟ್ಟ ದಿನ ಪಾತ್ರೆ, ಪೈಪು, ಬಕೆಟುಗಳನ್ನು ಹೊತ್ತು ಬಂದ ವಾಹನವನ್ನು ಅಂದೇ ಸಂಜೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಒಣಗಿದ ಹೊಪ್ಪಳೆಯನ್ನು ಕೆರೆಯದೆ ಒದ್ದೆಬಟ್ಟೆ ಹೊದೆಸಿ ನೆನೆಸಿ ತೆಗೆಯಬೇಕು.

ಹಲಸಿನ ಮರದಡಿ ನಿಲ್ಲಿಸಿದ ಬೈಕಿನ ಸೀಟಿಗೆ ತೊಟ್ಟಿಕ್ಕುವ ಮೇಣ ನೀರಿಗೂ ಸಾಬೂನಿಗೂ ಜಗ್ಗುವುದಿಲ್ಲ. ಹಲಸು ಕೊಯ್ಯುವಾಗ ಕೈಗೆ ಹಚ್ಚಿಕೊಳ್ಳುವ ತೆಂಗಿನೆಣ್ಣೆಯನ್ನೇ ಅದಕ್ಕೂ ತಿಕ್ಕಿ, ಮೇಣ ಬಿಟ್ಟಮೇಲೆ ಸಾಬೂನಿನಿಂದ ಎಣ್ಣೆಯ ಅಂಶವನ್ನು ತೊಳೆದರೆ ಸಾಕು. ಡಾಮರಿನ ಚುಕ್ಕೆಗಳಿಗೂ ಇದೇ ಉಪಾಯ ನಡೆಯುತ್ತದೆ. ರಬ್ಬರ್ ಹಾಲಿನ ಕಲೆಯನ್ನು ಹಸಿಯಾಗಿದ್ದಾಗ ಒರೆಸಿ ಹರಡುವುದಕ್ಕಿಂತ ಒಣಗಲು ಬಿಟ್ಟು ಪೊರೆಯಂತೆ ಸುಲಿದು ತೆಗೆಯುವುದು ಲೇಸು. ಹಾಲಿನ ಕ್ಯಾನಿನಿಂದ ತುಳುಕಿದ ಹಾಲು ಸಂದುಗಳಲ್ಲಿ ಹುಳಿಯಾಗಿ ಲ್ಯಾಕ್ಟಿಕ್ ಆಮ್ಲವಾಗುವುದರಿಂದ ಕ್ಯಾನು ತೂಗಿಸುವ ಕಡೆಯ ಗಾರ್ಡು ಮತ್ತು ಕೊಂಡಿಗಳು ಬೇಗ ಬಣ್ಣ ಬಿಡುತ್ತವೆ.

ಹಿಂಬದಿಗೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹಾಕುತ್ತ ಒಳದಾರಿಗಳಲ್ಲಿ ಮೀನು ಮಾರುವವರ ವಾಹನಗಳ ಸ್ಥಿತಿಯೇ ಬೇರೆ. ಸಮುದ್ರದಿಂದ ಇಪ್ಪತ್ತೈದರಿಂದ ಅರುವತ್ತು ಕಿಲೊಮೀಟರ್ ದೂರವಿರುವ ಈ ಊರುಗಳಿಗೆ ಉಪ್ಪುಗಾಳಿಯ ಬಾಧೆ ಕರಾವಳಿಯಷ್ಟಿಲ್ಲ. ಆದರೆ ಕರಗುವ ಮಂಜುಗಡ್ಡೆಯ ಉಪ್ಪುನೀರು ದಿನವಿಡೀ ಹಿಂಚಕ್ರ, ಚೈನು ಮತ್ತು ನಂಬರ್ ಪ್ಲೇಟಿನ ಮೇಲೆ ಇಳಿಯುತ್ತಲೇ ಇರುತ್ತದೆ. ನೀರಿನಲ್ಲಿ ಕರಗಿದ ಉಪ್ಪು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಟ್ಟು ತುಕ್ಕಿನ ರಾಸಾಯನಿಕ ಕ್ರಿಯೆಗೆ ವೇಗ ಕೊಡುವುದರಿಂದ ಇಂಥ ವಾಹನಕ್ಕೆ ವಾರಕ್ಕೊಮ್ಮೆಯ ಶಾಂಪೂ ಸ್ನಾನಕ್ಕಿಂತ ದಿನವೂ ವ್ಯಾಪಾರ ಮುಗಿದ ಮೇಲೆ ಎರಡು ಕೊಡ ಸಿಹಿನೀರು ಸುರಿಯುವುದೇ ಹೆಚ್ಚು ಉಪಕಾರಿ.

ತೊಳೆಯುವ ಕ್ರಮ

ಮುರಕಲ್ಲಿನ ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾಗಿದ್ದು ಒಣಗಿದ ಮೇಲೆ ಬಿಳಿಕಲೆ ಉಳಿಸುವುದು ಕಡಿಮೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಲ್ಲಿ ಬಿಳಿಬಣ್ಣದ ಭಾಗಗಳ ಮೇಲೆ ಹಳದಿಗೆಂಪು ಛಾಯೆ ಕೂರುತ್ತದೆ. ಅಂಥ ಮನೆಗಳಲ್ಲಿ ಕಡೆಯ ಸುತ್ತಿಗೆ ಮಾತ್ರವಾದರೂ ಬಾವಿಯ ನೀರನ್ನೋ ಮಳೆನೀರನ್ನೋ ಬಳಸುವುದು ಒಳ್ಳೆಯದು. ತೋಟಕ್ಕೆ ನೀರು ಬಿಡುವ ಪಂಪಿನ ಪೈಪಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಬಿಡುವ ರಭಸದ ಧಾರೆ ಮಡ್‌ಗಾರ್ಡಿನ ಒಳಗಿನ ಕೆಸರಿಗೆ ಸೈ, ಉಳಿದೆಡೆಗೆ ಅಲ್ಲ. ಚಕ್ರದ ಬೇರಿಂಗು, ಹ್ಯಾಂಡಲಿನ ಸ್ವಿಚ್ಚುಗಳು, ಮೀಟರು, ಏರ್ ಫಿಲ್ಟರಿನ ಬಾಯಿ ಮತ್ತು ಚೈನಿನ ಕೊಂಡಿಗಳು ಮಳೆಹನಿಯನ್ನು ತಡೆಯುವಂತೆ ರಚನೆಯಾಗಿವೆ, ನೇರ ಧಾರೆಯನ್ನಲ್ಲ; ಒಳಹೊಕ್ಕ ನೀರು ಗ್ರೀಸನ್ನು ತೊಳೆದು ಬೇರಿಂಗನ್ನು ಒಣಗಿಸುತ್ತದೆ. ಪೇಟೆಯ ವಾಟರ್ ಸರ್ವಿಸ್ ಕೇಂದ್ರಗಳ ಯಂತ್ರಧಾರೆಗೂ ಈ ಮಾತು ಅನ್ವಯಿಸುತ್ತದೆ.

ಎಂಜಿನು ಮತ್ತು ಸೈಲೆನ್ಸರು ಕೈಯಿಟ್ಟರೆ ತಾಳುವಷ್ಟು ತಣಿದ ಮೇಲೆ, ನೆರಳಿನಲ್ಲಿ, ಸಮನೆಲದ ಮೇಲೆ ವಾಹನವನ್ನು ನಿಲ್ಲಿಸಿ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಕೀಲಿರಂಧ್ರಕ್ಕೆ ಪ್ಲಾಸ್ಟಿಕ್ ಸುತ್ತುವುದು ಮೊದಲ ಸಿದ್ಧತೆ. ಕಾದ ಲೋಹಕ್ಕೆ ತಣ್ಣೀರು ಸುರಿದರೆ ಕ್ರೋಮ್ ಲೇಪಕ್ಕೂ ಎಂಜಿನಿನ ಬಣ್ಣಕ್ಕೂ ಆಘಾತವಾಗುವುದಲ್ಲದೆ ಸಾಬೂನು ಅಲ್ಲಿಯೇ ಒಣಗಿ ಕಲೆಯಾಗುತ್ತದೆ. ಅನಂತರ ಬಟ್ಟೆ ತಾಗಿಸದೆ ಬರಿಯ ನೀರನ್ನು ಮೇಲಿನಿಂದ ಕೆಳಕ್ಕೆ ಹರಿಸಿ ಐದು ಹತ್ತು ನಿಮಿಷ ನೆನೆಯಲು ಬಿಟ್ಟರೆ ಸ್ಫಟಿಕದ ಹರಳುಗಳು ಮಣ್ಣಿನೊಂದಿಗೆ ಸಡಿಲಾಗಿ ಇಳಿಯುತ್ತವೆ. ಮುರಕಲ್ಲಿನ ನಾಡಿನಲ್ಲಿ ಈ ನೆನೆಸುವಿಕೆಯನ್ನು ಬಿಡುವಂತಿಲ್ಲ. ಆಮೇಲೆ ಎರಡು ಬಕೆಟು ಇಟ್ಟುಕೊಂಡು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಎಂದು ಬೇರೆ ಮಾಡಿ, ಟ್ಯಾಂಕು, ಸೀಟು, ಬದಿಯ ಫಲಕ, ಎಂಜಿನು, ಚಕ್ರ ಎಂಬ ಅನುಕ್ರಮದಲ್ಲಿ ಉಜ್ಜಬೇಕು. ಚಕ್ರಕ್ಕೆ ಬಳಸಿದ ಬಟ್ಟೆ ಮತ್ತೆ ಟ್ಯಾಂಕಿಗೆ ಬರಬಾರದು. ಪಾತ್ರೆ ತೊಳೆಯುವ ಸಾಬೂನು ಮತ್ತು ಬಟ್ಟೆಯ ಪುಡಿ ಜಿಡ್ಡನ್ನು ತೆಗೆಯುವ ಭರದಲ್ಲಿ ಬಣ್ಣದ ಮೇಲಿನ ಮೇಣದ ಪದರವನ್ನೂ ಕಿತ್ತುಕೊಂಡು ಹೋಗುವುದರಿಂದ ಕ್ಷಾರವೂ ಆಮ್ಲವೂ ಅಲ್ಲದ ವಾಹನ ಶಾಂಪೂ ಯೋಗ್ಯ. ತೆಂಗಿನ ನಾರು ಮತ್ತು ಬೂದಿ ಅಡುಗೆಮನೆಯಲ್ಲೇ ಇರಲಿ.

ಚೈನಿನ ಶುದ್ಧಿ ಬೇರೆಯೇ ಕೆಲಸ. ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಹಿಂಚಕ್ರವನ್ನು ಕೈಯಿಂದ ತಿರುಗಿಸುತ್ತ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಬಳಿಕ ಗೇರ್ ಎಣ್ಣೆಯನ್ನೋ ಚೈನ್ ಸ್ಪ್ರೇಯನ್ನೋ ಹಚ್ಚುವುದು ಕ್ರಮ. ಕೆಲವು ಚೈನುಗಳ ಕೊಂಡಿಗಳಲ್ಲಿ ಗ್ರೀಸನ್ನು ಹಿಡಿದಿಡುವ ಸಣ್ಣ ರಬ್ಬರ್ ಬಳೆಗಳಿದ್ದು ಪೆಟ್ರೋಲು ಅವನ್ನು ಹಾಳುಮಾಡುತ್ತದೆ. ಬೇಗ ಮುಗಿಯಲೆಂದು ಎಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದು ಬೆರಳು ಕಳೆದುಕೊಳ್ಳುವ ದಾರಿ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ಬ್ರೇಕಿನ ಡಿಸ್ಕಿಗೆ ಎಣ್ಣೆ, ಮೇಣ, ಪಾಲಿಷ್ ಯಾವುದೂ ತಾಗಬಾರದು. ಟಯರಿನ ನೆಲ ಮುಟ್ಟುವ ಭಾಗಕ್ಕೂ ಇದೇ ನಿಷೇಧ.

ಒಣಗಿಸುವಿಕೆ

ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ತಾಪಮಾನದಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ, ಶೇಕಡ 60ನ್ನು ದಾಟಿತೆಂದರೆ ತುಕ್ಕಿನ ವೇಗ ಗಮನಾರ್ಹವಾಗಿ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರದೇಶದ ಆರ್ದ್ರತೆ ಅನೇಕ ದಿನ ಶೇಕಡ 90ರ ಆಸುಪಾಸಿನಲ್ಲಿರುತ್ತದೆ. ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಒಗೆದ ಬಟ್ಟೆಯೇ ಮೂರು ದಿನಕ್ಕೂ ಆರದಿರುವಾಗ ಬೋಲ್ಟಿನ ತಲೆಯ ಕುಳಿಯಲ್ಲಿ ನಿಂತ ನೀರು ತಾನಾಗಿ ಆರೀತೆಂದು ನಂಬುವಂತಿಲ್ಲ. ಹೀಗಾಗಿ ಮಳೆಗಾಲದಲ್ಲಿ ತೊಳೆದು ಒಣಗಿಸದೆ ಬಿಡುವುದಕ್ಕಿಂತ ತೊಳೆಯದೆ ಇರುವುದೇ ವಾಸಿ ಎಂಬಲ್ಲಿಯವರೆಗೂ ಹೇಳಬಹುದು; ಆದರೆ ಒದ್ದೆ ಕೆಸರು ನೀರಿಗಿಂತ ಹೆಚ್ಚು ಕಾಲ ತೇವವನ್ನು ಹಿಡಿದಿಡುವುದರಿಂದ ಆ ಮಾತು ಕೆಸರು ಮೆತ್ತಿದ ಬೈಕಿಗೆ ಹೊಂದುವುದಿಲ್ಲ. ಅದಕ್ಕೆ ತೊಳೆಯುವುದೂ ಬೇಕು, ಒಣಗಿಸುವುದೂ ಬೇಕು.

ಮೃದುವಾದ ಹತ್ತಿ ಬಟ್ಟೆಯಿಂದಲೋ ಮೈಕ್ರೋಫೈಬರ್ ಬಟ್ಟೆಯಿಂದಲೋ ಮೇಲ್ಮೈಯನ್ನು ಒತ್ತಿ ಹೀರಿಸಿ, ವಾಹನವನ್ನು ಮೊದಲು ಸೆಂಟರ್ ಸ್ಟ್ಯಾಂಡಿನಲ್ಲಿ, ಬಳಿಕ ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಲ್ಲಿಸಿದರೆ ಚೌಕಟ್ಟಿನ ಟೊಳ್ಳುಗಳಲ್ಲಿದ್ದ ನೀರು ಇಳಿದುಹೋಗುತ್ತದೆ. ನೀರು ಅಡಗುವ ಜಾಗಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕು: ಸ್ಪೋಕ್ ಕಡ್ಡಿ ರಿಮ್ಮಿಗೆ ಸೇರುವ ಕಡೆ, ಟ್ಯಾಂಕಿನ ಕೆಳ ಅಂಚು, ಮಡ್‌ಗಾರ್ಡಿನ ಮಡಿಕೆ, ಸೀಟಿನ ಅಡಿಯ ಬೋಲ್ಟುಗಳು, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು, ಸ್ಪಾರ್ಕ್ ಪ್ಲಗ್ಗಿನ ಕುಳಿ. ಟೇಬಲ್ ಫ್ಯಾನನ್ನು ಅರ್ಧ ಗಂಟೆ ಎದುರಿಗಿಟ್ಟರೆ ಬಟ್ಟೆ ಹೋಗದ ಸಂದುಗಳೂ ಆರುತ್ತವೆ. ಕೊನೆಗೆ ಸೈಲೆನ್ಸರಿನ ಬಟ್ಟೆ ತೆಗೆದು, ಬ್ರೇಕನ್ನು ಮೆಲ್ಲನೆ ಒತ್ತುತ್ತ ಎಂಟು ಹತ್ತು ಕಿಲೊಮೀಟರ್ ಓಡಿಸಿ ತರುವುದು ಒಣಗಿಸುವಿಕೆಯ ಭಾಗವೇ ಹೊರತು ತಿರುಗಾಟವಲ್ಲ. ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಡೇರಿಯವರೆಗೆ ಒಂದು ಕಿಲೊಮೀಟರ್ ಹೋಗಿ ಬರುವಷ್ಟರಲ್ಲಿ ಸೈಲೆನ್ಸರು ಪೂರ್ತಿ ಕಾಯದೆ ಆ ಆವಿ ಒಳಗೇ ನೀರಾಗಿ ನಿಂತು, ಹೊರಗೆ ಫಳಫಳನೆ ಹೊಳೆಯುವ ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಉದ್ದದ ಓಟ ಬೇಕೆನ್ನುವುದು ಇದಕ್ಕಾಗಿ. ತೊಳೆದ ಕೂಡಲೇ ಬ್ರೇಕು ಸರಿಯಾಗಿ ಹಿಡಿಯದು ಎಂಬುದನ್ನೂ ಮರೆಯಬಾರದು, ಮುಖ್ಯವಾಗಿ ನೀರು ಒಳಗೆ ನಿಲ್ಲುವ ಡ್ರಮ್ ಬ್ರೇಕಿನಲ್ಲಿ.

ಒಣಗಿದ ಬೈಕನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದೂ ಇದೇ ವಿಷಯಕ್ಕೆ ಸೇರಿದೆ. ಟರ್ಪಾಲು ಬಿಗಿದು ಮುಚ್ಚಿದರೆ ನೆಲದಿಂದ ಏಳುವ ತೇವ ಒಳಗೇ ಉಳಿದು ಸೀಟಿನ ಮೇಲೆ ಬೂಸ್ಟು ಹಿಡಿಯುತ್ತದೆ, ಲೋಹದ ಮೇಲೆ ತುಕ್ಕು ಏಳುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಇಲ್ಲವೆ ಬರಿಯ ಮಾಡಿನ ನೆರಳೇ ಮೇಲು. ಹಟ್ಟಿಯ ಪಕ್ಕದಲ್ಲಿ ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಯ ವಿದ್ಯುತ್ ಕೊಂಡಿಗಳನ್ನು ಕೊರೆಯುತ್ತದೆ. ಗೊಬ್ಬರದ ಚೀಲಗಳ ಕೋಣೆಯೂ ತಕ್ಕುದಲ್ಲ, ಏಕೆಂದರೆ ತೋಟಕ್ಕೆ ಹಾಕುವ ಪೊಟ್ಯಾಷ್ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಆಗಿದ್ದು ಅಡುಗೆಯ ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ.

ಹೊಳಪು

ಪಾಲಿಷ್ ಮತ್ತು ಮೇಣ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಪಾಲಿಷ್ ಎಂಬುದು ಅತಿ ನುಣುಪಾದ ಅರೆಯುವ ಪುಡಿಯಿರುವ ಲೇಪ. ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ಸವೆಸಿ ಗೀರುಗಳ ಅಂಚನ್ನು ಸಮಮಾಡುತ್ತದೆ. ಮೇಣವು ಏನನ್ನೂ ಸವೆಸದೆ ಮೇಲೊಂದು ಪದರವಾಗಿ ಕೂತು ನೀರನ್ನು ಹನಿಹನಿಯಾಗಿ ಉರುಳಿಸುತ್ತದೆ. ಇದರಲ್ಲಿ ಪ್ರಸಿದ್ಧವಾದ ಕಾರ್ನೌಬಾ ಮೇಣವು ಬ್ರೆಜಿಲಿನ ಒಂದು ಬಗೆಯ ತಾಳೆಯ ಎಲೆಯಿಂದ ಬರುತ್ತದೆ. ಪಾರದರ್ಶಕ ಪದರದ ದಪ್ಪ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸು ಇರುವುದರಿಂದ ಪಾಲಿಷನ್ನು ಅಪರೂಪಕ್ಕೆ, ಮೇಣವನ್ನು ಮಳೆಗಾಲದ ಮುಂಚೆ ಮತ್ತು ಅನಂತರ ತಪ್ಪದೆ ಹಚ್ಚುವುದು ಉಚಿತ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಇವೆರಡೂ ಸಲ್ಲವು. ಉಜ್ಜಿದ ಕಡೆ ಮಾತ್ರ ಹೊಳೆದು ಅಲ್ಲಿ ಎಂದೂ ಹೋಗದ ತೇಪೆ ಉಳಿಯುತ್ತದೆ.

ದೇವರ ದೀಪ, ಕಂಚಿನ ಪಾತ್ರೆಗಳನ್ನು ಹುಣಸೆಹುಳಿ ಮತ್ತು ಬೂದಿಯಿಂದ ಬೆಳಗುವ ಕೈಗಳಿಗೆ ಅದೇ ವಿಧಾನವನ್ನು ಬೈಕಿನ ಮೇಲೂ ಪ್ರಯೋಗಿಸುವ ಆಸೆ ಸಹಜ. ಆದರೆ ಹಿತ್ತಾಳೆಯ ದೀಪ ಒಳಗೂ ಹೊರಗೂ ಹಿತ್ತಾಳೆಯೇ ಆಗಿರುವುದರಿಂದ ಸವೆದಷ್ಟೂ ಹೊಸ ಹಿತ್ತಾಳೆ ಹೊರಬರುತ್ತದೆ. ಕ್ರೋಮ್ ಎಂಬುದು ಉಕ್ಕಿನ ಮೇಲೆ ನಿಕಲ್, ಅದರ ಮೇಲೆ ಅತಿ ತೆಳುವಾಗಿ ಕೂರಿಸಿದ ಲೇಪ. ಅದು ಸವೆದರೆ ಕೆಳಗೆ ಇರುವುದು ತುಕ್ಕಿಗೆ ಕಾದ ಉಕ್ಕು. ಬೂದಿಯ ಕ್ಷಾರವಂತೂ ಅಲ್ಯೂಮಿನಿಯಂ ಭಾಗಗಳನ್ನು ಮಂಕಾಗಿಸುತ್ತದೆ. ಕ್ರೋಮಿನ ಮೇಲೆ ಎದ್ದ ತುಕ್ಕಿನ ಚುಕ್ಕೆಗಳಿಗೆ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜುವುದು ಕ್ಷೇಮಕರ ಉಪಾಯ: ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಬೈಕುಗಳನ್ನು ಇಂದಿಗೂ ಉಳಿಸಿಕೊಂಡವರಿಗೆ ಇದು ತಿಳಿದಿರಬೇಕಾದ ವಿಷಯ, ಏಕೆಂದರೆ ಅವುಗಳ ಹಲವು ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಬದಿಗಳಿಗೂ ಕ್ರೋಮ್ ಹಾಕಲಾಗಿತ್ತು. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ತೆಂಗಿನೆಣ್ಣೆ ಸವರಿದರೆ ಒಂದು ದಿನ ಕಪ್ಪಗೆ ಕಾಣುತ್ತದೆ, ಮರುದಿನದಿಂದ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ.

ವರ್ಷದಲ್ಲಿ ಅತ್ಯಂತ ಶ್ರದ್ಧೆಯ ತೊಳೆತ ನಡೆಯುವುದು ನವರಾತ್ರಿಯ ಆಯುಧಪೂಜೆಗೆ. ಮಳೆ ಹಿಂದೆ ಸರಿಯುವ ಹೊತ್ತಿಗೇ ಈ ಹಬ್ಬ ಬರುವುದರಿಂದ ನಾಲ್ಕು ತಿಂಗಳ ಕೆಸರನ್ನು ತೆಗೆದು ತುಕ್ಕಿನ ಆರಂಭವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಪೂಜೆಯ ಕುಂಕುಮ, ಗಂಧ ಮತ್ತು ಹೂವಿನ ತೇವ ವಾರಗಟ್ಟಲೆ ಬಣ್ಣದ ಮೇಲೆ ನಿಂತರೆ ಕಲೆ ಉಳಿಯುತ್ತದೆ. ಮರುದಿನ ಒದ್ದೆಬಟ್ಟೆಯಿಂದ ಒರೆಸಿದರೆ ಯಾವ ಲೋಪವೂ ಇಲ್ಲ.

ನೆರೆ ಮತ್ತು ಹೊಳೆ

ನೇತ್ರಾವತಿ 1974ರಲ್ಲಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದ ನೆರೆ ಇಂದಿಗೂ ಹಿರಿಯರ ನೆನಪಿನಲ್ಲಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಗ್ರಾಮಗಳಿಗೆ ನೀರು, ಮರಳು, ಮರದ ದಿಮ್ಮಿಗಳು ಒಟ್ಟಿಗೆ ನುಗ್ಗಿದವು. ಹೀಗೆ ಮುಳುಗಿದ ಬೈಕನ್ನು ತೊಳೆಯುವುದು ಸಾಮಾನ್ಯ ತೊಳೆತವಲ್ಲ. ಮೊದಲ ನಿಯಮ, ಕಿಕ್ಕರನ್ನೂ ಸೆಲ್ಫ್ ಸ್ಟಾರ್ಟರನ್ನೂ ಮುಟ್ಟದಿರುವುದು: ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗದೆ ಪಿಸ್ಟನಿನ ಕೊಂಡಿಯನ್ನೇ ಬಗ್ಗಿಸಬಲ್ಲದು. ಬ್ಯಾಟರಿ ಬಿಡಿಸಿ, ಹೊರಗಿನ ಮರಳನ್ನು ನೀರಿನಿಂದ ಇಳಿಸಿ, ಸ್ಪಾರ್ಕ್ ಪ್ಲಗ್ ಕಳಚಿ ನೀರು ಹೊರಹಾಕಿ, ಎಂಜಿನ್ ಎಣ್ಣೆ, ಏರ್ ಫಿಲ್ಟರ್, ಟ್ಯಾಂಕಿನ ಪೆಟ್ರೋಲು ಎಲ್ಲವನ್ನೂ ಬದಲಿಸಿದ ಮೇಲೆ ಮೆಕ್ಯಾನಿಕ್ಕಿನ ಎದುರಿನಲ್ಲೇ ಚಾಲೂ ಮಾಡಬೇಕು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಎಂದೇ ತಿಳಿಯಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿದಾಗ ಬೈಕನ್ನು ಹೊಳೆಗಿಳಿಸಿ ತೊಳೆಯುವ ಪದ್ಧತಿಯೂ ಕೆಲವೆಡೆ ಇದೆ. ಇದನ್ನು ಬಿಡುವುದು ಅಗತ್ಯ. ಚೈನಿನ ಕರಿಯೆಣ್ಣೆ, ಸೀಮೆಎಣ್ಣೆ, ಶಾಂಪೂ ಎಲ್ಲವೂ ಹರಿವು ಕ್ಷೀಣಿಸಿದ ಆ ತಿಂಗಳುಗಳಲ್ಲಿ ಹೊಳೆಯ ಗುಂಡಿಗಳಲ್ಲೇ ಉಳಿದು ಮೀನುಗಳಿಗೆ ವಿಷವಾಗುತ್ತವೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ನಾಡಿಗೆ ಇದು ಒಪ್ಪುವ ನಡೆಯಲ್ಲ. ನೀರಿನ ಅಭಾವದಲ್ಲಿ ಮುಕ್ಕಾಲು ಬಕೆಟ್ ನೀರು, ನಾಲ್ಕು ಒದ್ದೆಬಟ್ಟೆಗಳಿಂದ ಪದೇ ಪದೇ ಮಗುಚಿ ಒತ್ತಿ ಒರೆಸಿದರೂ ಬೈಕು ಸಾಕಷ್ಟು ಶುಚಿಯಾಗುತ್ತದೆ. ಅಂಗಳದ ಸಾಬೂನು ನೀರನ್ನು ಬಾವಿಕಟ್ಟೆಯಿಂದ ದೂರಕ್ಕೆ ಹರಿಸಿ, ಎಣ್ಣೆಯ ಬಟ್ಟೆಗಳನ್ನು ಬೇರೆಯೇ ಕಟ್ಟಿ ಪಂಚಾಯತಿನ ಕಸದ ವಾಹನಕ್ಕೆ ಕೊಡುವುದು ಪ್ರತಿ ಮನೆಯವರೂ ಮಾಡಬಹುದಾದ ಕೆಲಸ. ಬೆಳ್ತಂಗಡಿ, ಬಂಟ್ವಾಳಗಳನ್ನು ಹಾದು ಹರಿಯುವ ನೇತ್ರಾವತಿಯ ನೀರೇ ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರು ನಗರದ ಕುಡಿಯುವ ನೀರಾಗುತ್ತದೆ.